ಚಿಕ್ಕಮ್ಮನ ಎಡಗಾಲು

ನನ್ನ ಚಿಕ್ಕಮ್ಮ ಭಾನುಪ್ರಿಯ ಎಲ್ಲಿ ಕುಳಿತಿದ್ದರೂ ಅವಳ ಎಡಗಾಲು ಮಾತ್ರ ಪ್ರಯಾಣದಲ್ಲಿರುತ್ತದೆ. ಜಗಲಿಯ ಅಂಚಿನಲ್ಲಿ, ಮದುವೆ ಛತ್ರದ ಕುರ್ಚಿಯಲ್ಲಿ, ಟೀವಿಯ ಮುಂದೆ, ಮುಖ ಶಾಂತವಾಗಿರುವಾಗಲೂ ಆ ಪಾದದ ತುದಿ ಒಮ್ಮೆ ಕೆಳಗೊತ್ತುತ್ತದೆ, ತುಸು ತಡೆದು ಮೇಲೇಳುತ್ತದೆ, ಮತ್ತೂ ತಡೆದು ಇನ್ನೊಮ್ಮೆ ಏಳುತ್ತದೆ. ತಿಳಿಯದವರು ಅದನ್ನು ಚಡಪಡಿಕೆ ಎಂದುಕೊಳ್ಳುತ್ತಾರೆ. ಅವಳ ಬೈಕಿನ ಹಿಂದೆ ವರ್ಷಗಟ್ಟಲೆ ಕುಳಿತ ನನಗೆ ಗೊತ್ತು: ಚಿಕ್ಕಮ್ಮ ಈಗ ಉಯ್ಯಂಬಳ್ಳಿ ದಾಟಿದಳು, ಏರು ಮುಗಿಯಿತು, ನಾಲ್ಕನೇ ಗೇರಿಗೆ ಹಾಕಿದಳು.

ಉಯ್ಯಂಬಳ್ಳಿಯಿಂದಲೂ ಒಳಗಿರುವ ನಮ್ಮ ಊರಿನಿಂದ ಹಾರೋಹಳ್ಳಿಯ ಕಾರ್ಖಾನೆಗೆ ಅವಳು ದಿನವೂ ಗೇರಿನ ಬೈಕಿನಲ್ಲಿ ಹೋಗಿಬರುತ್ತಿದ್ದಳು; ದಾರಿಯಲ್ಲಿ ನನ್ನನ್ನು ಕನಕಪುರದ ಕಾಲೇಜಿನ ಮುಂದೆ ಇಳಿಸುತ್ತಿದ್ದಳು. ಚೂಡಿದಾರದ ಮೇಲೆ ಕಾರ್ಖಾನೆಯ ನೀಲಿ ಕೋಟು. ಹೆಲ್ಮೆಟ್ಟಿನ ಕೆಳಗಿಂದ ಇಳಿದ ಜಡೆಯನ್ನು ಆ ಕೋಟಿನೊಳಗೆ ತಳ್ಳಿ ಕತ್ತಿನವರೆಗೂ ಗುಂಡಿ ಹಾಕಿಕೊಂಡರೆ ಅವಳ ನಡಿಗೆಯೇ ಬದಲಾಗುತ್ತಿತ್ತು. ಎಡಗಾಲಿನ ಬೂಟಿನ ನೆತ್ತಿಯಲ್ಲಿ ಗೇರಿನ ಲಿವರ್ ಉಜ್ಜಿ ಉಜ್ಜಿ ಮೂಡಿದ ಕಪ್ಪು ಗುರುತೊಂದಿತ್ತು. ಕಾಲುಂಗುರವನ್ನು ಯಾರೂ ಏಕೆಂದು ಕೇಳದ ಹಾಗೆ, ಆ ಗುರುತನ್ನೂ ಊರು ಕ್ರಮೇಣ ಒಪ್ಪಿಕೊಂಡಿತ್ತು.

ಅವಳಿಗೆ ವೇಗದ ಮೋಹವಿರಲಿಲ್ಲ. ಗಾಡಿಯೊಂದಿಗೆ ನಡೆಯುವ ಮೌನದ ಮಾತುಕತೆ ಬೇಕಿತ್ತು. ಏರಿನಲ್ಲಿ ಎಂಜಿನ್ ಉಬ್ಬಸಪಡುವ ಮೊದಲೇ ಅವಳ ಪಾದಕ್ಕೆ ಅದು ತಿಳಿಯುತ್ತಿತ್ತು. ಇಳಿಜಾರಿನಲ್ಲಿ ಎರಡನೇ ಗೇರಿಗೆ ತಂದುಬಿಟ್ಟರೆ, ಬ್ರೇಕಿಗೆ ಹೆಚ್ಚು ಕೆಲಸವಿಲ್ಲದೆ, ಎಂಜಿನ್ನೇ ನಮ್ಮನ್ನು ತಡೆದು ತಡೆದು ಇಳಿಸುತ್ತಿತ್ತು. “ನೋಡು, ಕೈ ಹಿಡ್ಕಂಡು ಇಳುಸ್ತೈತೆ” ಎನ್ನುತ್ತಿದ್ದಳು, ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ತಿಳಿಯದಂತೆ. ಹಳೆಯ ಗಾಡಿಯಾದ್ದರಿಂದ ಅದರ ನ್ಯೂಟ್ರಲ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಒಂದನೇ ಗೇರಿಗೂ ಎರಡಕ್ಕೂ ನಡುವೆ ಕೂದಲೆಳೆಯಷ್ಟು ಜಾಗ. ಚಿಕ್ಕಪ್ಪ ಅಶ್ವಥ್ ಎಷ್ಟು ತುಳಿದರೂ ಅದು ಅತ್ತಲೋ ಇತ್ತಲೋ ಹೋಗಿ ಬೀಳುತ್ತಿತ್ತು. ಚಿಕ್ಕಮ್ಮನ ಕಾಲ್ಬೆರಳು ಸುಮ್ಮನೆ ತಾಕಿದರೆ ಸಾಕು, ಹಸಿರು ದೀಪ ಹತ್ತುತ್ತಿತ್ತು.

ಕಳೆದ ವರ್ಷ ನಮ್ಮಜ್ಜಿ ಮುನಿಯಮ್ಮ ರೇಷ್ಮೆ ಹುಳು ಸಾಕುವ ಮನೆಯ ಹೊಸಿಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ನಾಗಿ ಕೋಲೂರಿ ನಡೆಯುವಂತಾದ ಮೇಲೆ, ವಾರವಾರವೂ ಅವಳನ್ನು ವ್ಯಾಯಾಮಕ್ಕೆಂದು ಕನಕಪುರದ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. “ಈ ಕುದ್ರೆ ಹತ್ತಕ್ಕೆ ಒಂದು ಏಣಿ ತಕಂಬಾರೆ ಭಾನು” ಎಂದು ಅಜ್ಜಿ ನಗುತ್ತಿದ್ದಳಾದರೂ, ಬೈಕಿನ ಎತ್ತರದ ಸೀಟಿಗೆ ಸೊಂಟವನ್ನೆತ್ತುವಾಗ ಅವಳ ತುಟಿ ಬಿಳಿಚುವುದನ್ನು ನಾವೆಲ್ಲ ನೋಡುತ್ತಿದ್ದೆವು. ಎರಡು ಗಾಡಿ ಇಟ್ಟುಕೊಳ್ಳುವ ಅನುಕೂಲ ಮನೆಗಿರಲಿಲ್ಲ. ಬೈಕು ಕೊಟ್ಟು, ತಗ್ಗು ಸೀಟಿನ, ಗೇರಿಲ್ಲದ ಸ್ಕೂಟರ್ ತರೋಣವೆಂದು ಚಿಕ್ಕಮ್ಮನೇ ಮೊದಲು ಹೇಳಿದಳು.

“ಗೇರಿಲ್ಲ, ಕ್ಲಚ್ಚಿಲ್ಲ. ಕಿವಿ ಹಿಂಡುದ್ರೆ ಓಡ್ತದೆ ಕಣೇ” ಎಂದ ಚಿಕ್ಕಪ್ಪ, ಸಮಾಧಾನ ಮಾಡುವವನಂತೆ.

“ಹೂಂ, ಅದೇ ಓಡ್ತದೆ. ಮೇಲ್ ಕೂತ್ಕಂಡು ನಾನೇನ್ ಮಾಡ್ಲಿ, ಭಜನೆನಾ?”

ಬೈಕು ಅವಳ ಜೊತೆಗೇ ಕೆಲಸ ಮಾಡುವ, ಕನಕಪುರದ ಆಫ್ತಾಬನಿಗೆ ಹೋಯಿತು.

ಸ್ಕೂಟರಿನ ಗುಣಗಳನ್ನು ಅವಳು ಎಂದೂ ಅಲ್ಲಗಳೆಯಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಮೂಟೆ ಕಾಲ ಬಳಿಯೇ ಕೂರುತ್ತದೆ. ಕನಕಪುರದ ಪೇಟೆಯ ನೂಕುನುಗ್ಗಲಿನಲ್ಲಿ ಕ್ಲಚ್ ಹಿಡಿದು ಹಿಡಿದು ಎಡಗೈ ನೋಯುವುದಿಲ್ಲ. ಅಜ್ಜಿ ಕುರ್ಚಿಯ ಮೇಲೆ ಕೂತಷ್ಟು ಸಲೀಸಾಗಿ ಕೂರುತ್ತಾಳೆ. ಚಿಕ್ಕ ಚಕ್ರಕ್ಕೆ ಹಳ್ಳಗಳೆಲ್ಲ ದೊಡ್ಡದಾಗಿ ಕಾಣುತ್ತವೆ ಎಂಬುದೊಂದೇ ಅವಳ ದೂರು. ಹೊಸ ಬೂಟು ಕೊಂಡಳು. ಮಳೆಗಾಲ ಕಳೆದರೂ ಎಡದ್ದೂ ಬಲದ್ದೂ ಒಂದೇ ಥರ ಇದ್ದವು. ಒಂದು ಸಂಜೆ ಬಾಗಿಲ ಬಳಿ ಅವನ್ನು ಜೋಡಿಸಿಡುತ್ತಾ, ಎಡಗಾಲಿನ ಬೂಟಿನ ನೆತ್ತಿಯನ್ನು ಬೆರಳಿನಿಂದ ಒಮ್ಮೆ ಸವರಿದಳು. ನಾನು ನೋಡಿದ್ದು ಅವಳಿಗೆ ತಿಳಿಯಲಿಲ್ಲ.

ಆಮೇಲೊಂದು ದಿನ ಅವಳು ಸ್ಕೂಟರಿನಿಂದ ಬಿದ್ದಳು, ಊರ ಹೊರಗಿನ ಇಳಿಜಾರಿನಲ್ಲಿ, ಅಜ್ಜಿಯನ್ನು ಕೂರಿಸಿಕೊಂಡು ಬರುವಾಗ. ಆಡೊಂದು ಅಡ್ಡ ಬಂತು. ಗೇರಿನ ಗಾಡಿಯಲ್ಲಿ ಎಡಗೈಗೆ ಸಿಗುವುದು ಕ್ಲಚ್. ಸ್ಕೂಟರಿನಲ್ಲಿ ಅದೇ ಜಾಗದಲ್ಲಿರುವುದು ಹಿಂದಿನ ಚಕ್ರದ ಬ್ರೇಕು. ಗಾಬರಿಯಲ್ಲಿ ಹಳೆಯ ಕೈ ಎಚ್ಚೆತ್ತು, ಕ್ಲಚ್ಚೆಂದೇ ನಂಬಿ ಅದನ್ನು ಪೂರ್ತಿ ಹಿಂಡಿತು. ಎಡಗಾಲು ಇಲ್ಲದ ಗೇರನ್ನು ಹುಡುಕಿ ಬರಿಯ ಹಲಗೆಯನ್ನು ತುಳಿಯಿತು. ಚಕ್ರ ಕಚ್ಚಿಕೊಂಡು ಗಾಡಿ ಜಾರಿತು. ಪಕ್ಕದ ತೋಟದಿಂದ ಚಿಕ್ಕಪ್ಪನೂ ನಾನೂ ಓಡಿಬರುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ರಸ್ತೆ ಬದಿಯ ಹುಲ್ಲಿನ ಮೇಲೆ, ಯಾರಿಗೋ ಕಾಯುತ್ತಿರುವವರಂತೆ ಕೂತಿದ್ದರು.

“ಕಣ್ಣೆಲ್ಲಿಕ್ಕಿದ್ದೆ ನೀನು?” ಎಂದು ಚಿಕ್ಕಪ್ಪ ಕೂಗಿದ.

“ಅವ್ಳನ್ ಯಾಕ್ಲಾ ಬಯ್ತೀಯೆ? ನಾನೇ ಒಸಿ ಅಲ್ಲಾಡ್ಬುಟ್ಟೆ” ಎಂದಳು ಅಜ್ಜಿ, ಸೆರಗಿನ ಮಣ್ಣು ಕೊಡವುತ್ತಾ.

ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಬೆನ್ನ ಹಿಂದೆಯೇ ಕೂತಿದ್ದ ಅಜ್ಜಿಗೆ ಆ ಎಡಗಾಲು ಏನನ್ನು ಹುಡುಕಿತೆಂದು ಗೊತ್ತಾಗಿತ್ತು. ಸಂಜೆ ಸೊಸೆ ಅವಳ ಕಾಲಿಗೆ ಎಣ್ಣೆ ತಿಕ್ಕುವಾಗ ಮೆಲ್ಲಗೆ ಹೇಳಿದಳು: “ನಿನ್ ಗಾಡಿ ನೀನು ವಾಪಸ್ ತಂದ್ಬುಡೇ. ನಾನು ಹೆಂಗೋ ಆಟೋಲಿ ಹೋಯ್ತೀನಿ.”

“ನಮ್ಮೂರ್ಗೆ ಯಾವ್ ಆಟೋ ಬತ್ತದೆ ಅತ್ತೆಮ್ಮ? ನನ್ ಕಾಲು ಒಸಿ ದಡ್ಡ. ಕಲ್ತ್ಕತ್ತದೆ ಬುಡಿ.”

ಹೋದ ತಿಂಗಳು ಒಂದು ಸಂಜೆ ನನ್ನನ್ನು ಕರೆದೊಯ್ಯಲು ಕಾಲೇಜಿನ ಬಳಿ ಬಂದಾಗ, ಎದುರಿನ ಟೀ ಅಂಗಡಿಯ ಮುಂದೆ ಆಫ್ತಾಬ್ ಅದೇ ಬೈಕಿನ ಮೇಲೆ ಕೂತು ನ್ಯೂಟ್ರಲ್ಲಿಗಾಗಿ ಗೇರನ್ನು ತುಳಿಯುತ್ತಿದ್ದ. “ಭಾನಕ್ಕ, ನಿಮ್ ಗಾಡಿ ಇನ್ನೂ ನನ್ ಮಾತ್ ಕೇಳ್ತಿಲ್ಲ. ಇದ್ನ ನೀವೇ ತಗಂಡ್ಬುಡಿ. ನಿಮ್ ಸ್ಕೂಟ್ರು ನಮ್ಮನೆಯವ್ಳಿಗೆ ಆಯ್ತದೆ. ಅದ್ಲುಬದ್ಲು. ನಾನ್ ತಮಾಷೆ ಮಾಡ್ತಿಲ್ಲ.”

ಚಿಕ್ಕಮ್ಮ ಎಂಜಿನ್ನಿನ ಸದ್ದನ್ನು ಕೇಳುತ್ತಾ ನಿಂತಳು. ಗಂಡನ ಊರಿನಲ್ಲಿ ತವರಿನವರ ದನಿ ಕೇಳಿದವಳ ಹಾಗೆ ಕತ್ತು ತುಸು ವಾಲಿತ್ತು. ಆಮೇಲೆ ತಿರುಗಿ ಸ್ಕೂಟರಿನ ಕಡೆ ನೋಡಿದಳು. ಹಿಂದಿನ ಸೀಟಿಗೆ ಅಜ್ಜಿಗೆಂದು ಹಳೆಯ ಸೀರೆಯ ಪುಟ್ಟ ದಿಂಬೊಂದನ್ನು ಕಟ್ಟಿದ್ದಳು. ಅದರ ಗಂಟು ಸಡಿಲವಾಗಿತ್ತು.

“ಕ್ಲಚ್ ಹಿಡ್ಕ, ಕಾಲ್ ತಗಿ” ಎಂದಳು ಆಫ್ತಾಬನಿಗೆ. ಬೈಕು ಹತ್ತಲಿಲ್ಲ, ಪಕ್ಕದಲ್ಲಿ ನಿಂತೇ ಎಡಗಾಲನ್ನು ಚಾಚಿ ಬೂಟಿನ ತುದಿಯಿಂದ ಒಮ್ಮೆ ತಾಕಿದಳು. ಹಸಿರು ದೀಪ ಹತ್ತಿತು.

“ಅದ್ಕೆ ಜೋರ್ ಮಾಡ್ಬಾರ್ದು ಆಫ್ತಾಬ್. ಇಟ್ಕೋ, ಒಳ್ಳೆ ಗಾಡಿ.”

ದಿಂಬಿನ ಗಂಟನ್ನು ಬಿಗಿಮಾಡಿ, “ಹತ್ತು ಧನು, ಅಜ್ಜಿ ಕಾಯ್ತಾ ಇರ್ತದೆ” ಎಂದಳು.

ಹೀಗೆ ಬಿಟ್ಟುಕೊಟ್ಟವರು ನಮ್ಮ ಸೀಮೆಯ ಮನೆಮನೆಯಲ್ಲಿಯೂ ಇದ್ದಾರೆ. ಕಳೆದುಕೊಂಡದ್ದನ್ನು ಅವರು ಹಾಡಿ ಹೇಳುವುದಿಲ್ಲ, ತ್ಯಾಗವೆಂದರೆ ನಕ್ಕುಬಿಡುತ್ತಾರೆ. ತಾವೇ ಆರಿಸಿಕೊಂಡದ್ದನ್ನು ಪ್ರೀತಿಯಿಂದಲೇ ನಡೆಸುತ್ತಾರೆ, ಮತ್ತೆ ಕೇಳಿದರೂ ಅದನ್ನೇ ಆರಿಸುತ್ತಾರೆ. ಮೈಯ ಒಂದು ಮೂಲೆಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿರುವುದಿಲ್ಲ. ಮನೆಯವರೆಲ್ಲ ಕೂತು ಮಾತಾಡುವ ಸಂಜೆ, ಯಾರಿಗೂ ಕಾಣದ ಏರೊಂದನ್ನು ಅದು ತನ್ನ ಪಾಡಿಗೆ ಏರುತ್ತಿರುತ್ತದೆ.