ಹಿಟ್ಟು ತುಂಬಿದ ಫ್ರಿಜ್ಜು

ನಾನು ಬಾಗಲಗುಂಟೆಯ ವೆಂಕಟಮ್ಮ. ಎಂಟು ಮನೆಗಳ ವಠಾರ ನನ್ನದು. ಪೀಣ್ಯದ ಕಂಪನಿಗಳಿಗೆ ಹೋಗುವವರೇ ಅಲ್ಲಿ ಬಾಡಿಗೆಗಿದ್ದಾರೆ. ಈ ಕಥೆ ಹೇಳಿದ್ದು ನಾನು, ಕೂತು ಬರೆದುಕೊಂಡಿದ್ದು ನಮ್ಮ ಸ್ವಸಹಾಯ ಸಂಘದ ಯಮುನಾ. ನನ್ನ ಬೈಗುಳಗಳನ್ನೆಲ್ಲ ಅವಳು ತೆಗೆದುಹಾಕಿದ್ದಾಳೆ. ಇರಲಿ, ಮಿಕ್ಕಿದ್ದು ನಡೆದದ್ದು ನಡೆದ ಹಾಗೇ ಇದೆ.

ಹೋದ ವರ್ಷದ ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ನಾನು ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಯಮುನಾ ಸಂಘದ ಪುಸ್ತಕ ಪಕ್ಕಕ್ಕಿಟ್ಟು ನನಗೆ ಕೈಜೋಡಿಸಿದ್ದಳು. ಆಗ ಮೂರನೇ ಮನೆಯ ಮಹಾನಂದಾ ಒಂದು ಕಾಗದ ಹಿಡಿದುಕೊಂಡು ಬಂದಳು. ಅವಳು ಯಾದಗಿರಿ ಕಡೆಯವಳು, ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡ ರೇವಣಸಿದ್ದ ಲೇತ್ ಕೆಲಸದವನು. ಬಾಡಿಗೆಯನ್ನು ಒಂದು ದಿನವೂ ತಡ ಮಾಡಿದವಳಲ್ಲ.

“ಅಮ್ಮಾರ, ಎರಡು ತಿಂಗಳ ಬಾಡಿಗಿ ತಡದು ಕೊಡ್ತೀನ್ರಿ. ಬ್ಯಾರೆ ತಿಳ್ಕೋಬ್ಯಾಡ್ರಿ” ಎಂದಳು.

“ಯಾಕಮ್ಮಿ, ಏನಾಯ್ತು?”

“ಕೆಲಸ ಬಿಡಾಕತ್ತೀನ್ರಿ. ಪಿಎಫ್ ತಗಸ್ಬೇಕು.”

ನಮ್ಮ ಪೀಣ್ಯದ ಕಡೆ ಇದೊಂದು ಹಳೇ ಚಾಳಿ. ದುಡ್ಡಿನ ಗರಜು ಬಂತೋ, ಕಂಪನಿಗೆ ರಾಜೀನಾಮೆ ಕೊಡುವುದು. ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದಿದ್ದ ಪಿಎಫ್ ದುಡ್ಡನ್ನು ಪೂರ್ತಿ ಬಾಚಿಕೊಳ್ಳುವುದು. ಆಮೇಲೆ ಎದುರುಗಡೆಯ ಕಂಪನಿಗೆ ಹೊಸಬರ ಹಾಗೆ ಸೇರಿಕೊಳ್ಳುವುದು. ನಮ್ಮ ವಠಾರದಲ್ಲಿ ಹೀಗೆ ಮಾಡದವರನ್ನು ಹುಡುಕಬೇಕು.

“ಅಂಥಾದ್ದೇನು ಬಂತೇ ಈಗ?” ಎಂದೆ.

“ತಂಗಿ ಕುಬಸ ಐತ್ರಿ, ಬರೋ ತಿಂಗಳು.”

ಕುಬಸ ಅಂದರೆ ಅವರ ಕಡೆ ಬಸುರಿಗೆ ಮಾಡುವ ಸೀಮಂತ. ತವರಿನವರು ಹಸಿರು ಸೀರೆ, ಹಸಿರು ಬಳೆ, ಬಯಕೆ ಬುತ್ತಿ ಹೊತ್ತುಕೊಂಡು ಹೋಗಬೇಕು. ಮಹಾನಂದಾಳ ತಂಗಿ ಸವಿತಾಗೆ ಏಳನೇ ತಿಂಗಳು ಬರುತ್ತಿತ್ತು. ಗಂಡನ ಜೊತೆ ಕಾಡುಗೋಡಿಯಲ್ಲಿದ್ದಳು. ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ಸವಿತಾಗೆ ತವರು ಅಂತ ಇದ್ದದ್ದು ಈ ಅಕ್ಕ ಒಬ್ಬಳೇ.

“ಆಕಿ ಅತ್ತಿ ಶೇಖವ್ವ ಅಂತ ಅದಾಳ್ರಿ. ನಾಲಿಗಿ ಅಂದ್ರ ನಾಲಿಗಿ! ‘ತವರಿಲ್ಲದಾಕಿ’ ಅಂತ ನನ್ನ ತಂಗಿಗಿ ನಾಕು ಮಂದಿ ಮುಂದ ಅಂದುಬಿಟ್ರ ನಾ ಹ್ಯಾಂಗ ತಡಕೊಳ್ಲಿ? ಅಳಿಯಗ ಉಂಗುರ ಹಾಕ್ತೀನಿ. ಹಾಲ್ ಹಿಡದು ನೂರೈವತ್ತು ಮಂದಿಗಿ ಊಟ ಹಾಕಸ್ತೀನಿ. ನಲವತ್ತು ಸಾವಿರ ಬೇಕ್ರಿ.”

ಕಣ್ಣು ತುಂಬಿಕೊಂಡೇ ಹೇಳಿದಳು. ಯಮುನಾ ಕಾಳು ಬಿಡಿಸುತ್ತಲೇ ಇದ್ದಳು. ಅವಳು ಗಾರ್ಮೆಂಟ್ಸ್‌ನಲ್ಲಿ ಒಂದೇ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದವಳು. ಬಿಡುವಾಗ ಕೈಗೆ ಬಂದ ದುಡ್ಡಲ್ಲೇ ಹೆಸರಘಟ್ಟ ರಸ್ತೆಯಲ್ಲಿ ಸ್ವಂತ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ.

“ಮಹಾನಂದಕ್ಕ, ಒಟ್ಟು ಎಷ್ಟು ವರ್ಷದಿಂದ ದುಡೀತಿದ್ದೀರ?” ಎಂದು ಕೇಳಿದಳು.

“ಹನ್ನೊಂದು ವರ್ಷಾತ್ರಿ. ಇದು ಮೂರನೇ ಕಂಪನಿ.”

“ಹಾಗಾದ್ರೆ ಎರಡು ಸಲ ಪಿಎಫ್ ತೆಗೆದಿದ್ದೀರ.”

“ಹೌದ್ರಿ. ನಮ್ಮ ರೊಕ್ಕ ನಾವು ತಗೊಂಡ್ರ ತಪ್ಪೇನ್ರಿ?”

“ತಪ್ಪೇನಿಲ್ಲ. ಸುಮ್ನೆ ಕೇಳ್ತೀನಿ, ಮೊದಲನೇ ಸಲದ ದುಡ್ಡಲ್ಲಿ ಏನು ಮಾಡಿದ್ರಿ?”

“ಫ್ರಿಜ್ ತಗೊಂಡ್ವಿ.”

“ಈಗ ಚೆನ್ನಾಗಿ ಓಡ್ತಿದೆಯಾ?”

ಮಹಾನಂದಾ ಸೆರಗಿನ ತುದಿ ತಿರುವತೊಡಗಿದಳು. “ಎರಡು ವರ್ಷಕ್ಕ ಕೆಟ್ಟಿತ್ರಿ. ಈಗ ಅದರಾಗ ಜ್ವಾಳದ ಹಿಟ್ಟು ಇಟ್ಟೀನಿ. ಇಲಿ ಬರಂಗಿಲ್ಲ ನೋಡ್ರಿ.”

ನನಗೆ ನಗು ತಡೆಯಲಾಗಲಿಲ್ಲ. ಮೊರ ಅಲ್ಲಾಡಿ ಕಾಳೆಲ್ಲ ಅಂಗಳಕ್ಕೆ ಚೆಲ್ಲಿತು.

“ಎರಡನೇ ಸಲದ್ದು?” ಯಮುನಾ ಬಿಡಲಿಲ್ಲ.

“ಮೈದುನನ ಮದುವಿಗಿ ಕೊಟ್ಟೆ. ಡಿಜೆ ತರಿಸಿದ್ರು. ಮೂರು ತಾಸು ಕುಣದ್ರು.” ಹೇಳುತ್ತ ಹೇಳುತ್ತ ಅವಳಿಗೂ ನಗು ಬಂತು. ಸ್ವಲ್ಪ ಹೊತ್ತಿಗೆ ನಗು ನಿಂತುಹೋಯಿತು. “ಹನ್ನೊಂದು ವರ್ಷ ಮಷಿನ್ ತುಳದೀನಿ ಯವ್ವಾ. ನನ್ನ ಹಂತ್ಯಾಕ ಉಳದದ್ದು ಒಂದು ಹಿಟ್ಟಿನ ಪೆಟ್ಟಿಗಿ” ಎಂದಳು.

ಅವಳೊಬ್ಬಳನ್ನೇ ತಲೆ ತಗ್ಗಿಸುವಂತೆ ಮಾಡುವುದು ನ್ಯಾಯವಲ್ಲ ಅನ್ನಿಸಿತು. ನನ್ನ ಹುಳುಕನ್ನೂ ಬಿಚ್ಚಿದೆ.

“ಬುಡಮ್ಮಿ, ನಾನೇನು ಕಮ್ಮಿ ಅಂತೀಯಾ? ಅಲ್ನೋಡು.” ಹೊಂಗೆ ಮರದ ಕೆಳಗೆ ನಿಂತಿದ್ದ ನಮ್ಮ ಬಿಳಿ ಕಾರು ತೋರಿಸಿದೆ. “ಅರ್ಧ ಎಕ್ರೆ ರಾಗಿ ಹೊಲ ಮಾರಿದ ದುಡ್ಡಲ್ಲಿ ನಮ್ಮ ಯಜಮಾನ ತಂದಿದ್ದು. ಮೊದಲ ವರ್ಷ ಜಂಬ, ಎರಡನೇ ವರ್ಷ ರಿಪೇರಿ. ಈಗ ಅದ್ರೊಳಗೆ ನಮ್ಮ ಕೋಳಿ ಮೊಟ್ಟೆ ಇಕ್ತದೆ. ಪೀಣ್ಯದಲ್ಲಿ ಯಾವ ಕೋಳಿಗೂ ಅಷ್ಟು ಬೆಲೆಯ ಗೂಡಿಲ್ಲ!”

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುವಿನ ಸದ್ದಿಗೆ ರೇವಣಸಿದ್ದನೂ ಬಾಗಿಲಿಗೆ ಬಂದು ನಿಂತ. ಆಗ ಯಮುನಾ ಮಹಾನಂದಾಳ ಕೈಯಿಂದ ಆ ಕಾಗದ ತೆಗೆದುಕೊಂಡಳು. ಅದು ರಾಜೀನಾಮೆ ಪತ್ರ. ರುಜು ಮಾತ್ರ ಬಾಕಿ ಇತ್ತು.

“ಈ ಕಂಪನಿ ಸೇರಿ ಎಷ್ಟಾಯ್ತು?”

“ನಾಕು ವರ್ಷ ನಾಕು ತಿಂಗಳು.”

“ಅಯ್ಯೋ ಅಕ್ಕ! ಒಂದೇ ಕಡೆ ಐದು ವರ್ಷ ತುಂಬಿದ್ರೆ ಗ್ರಾಚ್ಯುಟಿ ಅಂತ ಬೇರೆ ದುಡ್ಡು ಇದೆ. ಒಂದೊಂದು ವರ್ಷಕ್ಕೂ ಹದಿನೈದು ದಿನದ ಸಂಬಳ. ಐದು ತುಂಬಿಸಿ, ಮುಂದೆ ಯಾವಾಗ ಕೆಲಸ ಬಿಟ್ರೂ ಅದು ನಿಮ್ಮದು. ಇನ್ನು ಎಂಟು ತಿಂಗಳಿಗೆ ಅದನ್ನ ಬಿಟ್ಟು ಬರ್ತೀರಾ?”

“ಇದನ್ನ ಯಾರೂ ಹೇಳೇ ಇಲ್ಲಲ್ರಿ!” ರೇವಣಸಿದ್ದ ಬಾಗಿಲಿನಿಂದಲೇ ಹೇಳಿದ.

“ಪಿಎಫ್ ಅಂದ್ರೆ ಬರೀ ನಿಮ್ಮ ದುಡ್ಡಲ್ಲ, ಅಣ್ಣ. ನಿಮ್ಮ ಸಂಬಳದಲ್ಲಿ ಹಿಡಿದಷ್ಟೇ ಕಂಪನಿನೂ ಹಾಕುತ್ತೆ. ಅದ್ರಲ್ಲಿ ಒಂದು ಪಾಲು ಪಿಂಚಣಿಗೆ ಹೋಗುತ್ತೆ. ಹತ್ತು ವರ್ಷ ಲೆಕ್ಕಕ್ಕೆ ಬಂದ್ರೆ ವಯಸ್ಸಾದ್ಮೇಲೆ ತಿಂಗಳು ತಿಂಗಳು ಪಿಂಚಣಿ. ಅಕ್ಕ ದುಡಿದಿದ್ದು ಹನ್ನೊಂದು ವರ್ಷ. ಆದ್ರೆ ಎರಡು ಸಲ ಎಲ್ಲಾ ಬಾಚ್ಕೊಂಡು ಬಂದ್ರಲ್ಲ, ಲೆಕ್ಕ ಮತ್ತೆ ಒಂದರಿಂದ ಶುರುವಾಯ್ತು.”

“ಕಂಪನಿ ಬದಲಾದ್ರ ಏನು ಮಾಡ್ಬೇಕ್ರಿ?” ರೇವಣಸಿದ್ದ ಕೇಳಿದ.

“ನಿಮ್ಮ ಪಿಎಫ್‌ಗೆ ಯುಎಎನ್ ಅಂತ ಒಂದೇ ನಂಬರು, ಕೊನೇವರೆಗೂ. ಹೊಸ ಕಂಪನಿಯಲ್ಲಿ ಅದೇ ನಂಬರು ಕೊಟ್ಟು ಹಳೇ ದುಡ್ಡನ್ನ ಅಲ್ಲಿಗೇ ವರ್ಗ ಮಾಡಿಸ್ಬೇಕು. ಬಡ್ಡಿ ಬೆಳೀತಾನೇ ಇರುತ್ತೆ. ಕಾಯಿಲೆ, ಮಕ್ಕಳ ಓದು ಅಂತ ನಿಜವಾದ ಕಷ್ಟ ಬಂದ್ರೆ ಕೆಲಸ ಬಿಡದೇನೇ ಒಂದಷ್ಟು ತೆಗೆಯೋಕೆ ದಾರಿ ಇದೆ. ಪಿಎಫ್ ಆಫೀಸಲ್ಲಿ ಕೇಳಿದ್ರೆ ಹೇಳ್ತಾರೆ. ನೂರಕ್ಕೆ ಹತ್ತು ಕೊಡಿ ಅನ್ನೋ ಏಜೆಂಟ್ ಹತ್ರ ಮಾತ್ರ ಹೋಗ್ಬೇಡಿ.”

ಮಹಾನಂದಾ ಎಲ್ಲ ಕೇಳಿದಳು, ತಲೆಯಾಡಿಸಿದಳು, ಆಮೇಲೆ ಸಣ್ಣ ದನಿಯಲ್ಲಿ, “ಎಲ್ಲಾ ಖರೇ ಅದರೀ. ಆದ್ರ ಕುಬಸ?” ಎಂದಳು.

ನಾನು ಕೇಳಿದೆ, “ಈಗ ಕೈಯಾಗೆ ಎಷ್ಟೈತೆ? ನಿಜ ಹೇಳು.”

ಗಂಡನ ಮುಖ ಒಮ್ಮೆ ನೋಡಿ ಮಹಾನಂದಾ ಒಳಗೆ ಹೋದಳು. ನಾವೂ ಹಿಂದೆ ಹೋದೆವು. ಫ್ರಿಜ್ಜಿನ ಬಾಗಿಲು ತೆಗೆದಳು. ಬಾಗಿಲಿನ ಒಳಗೆ ಮೊಟ್ಟೆ ಇಡುವ ಗುಂಡಿಗಳಿರುತ್ತವಲ್ಲ, ಒಂದೊಂದರಲ್ಲೂ ನೋಟಿನ ಸುರುಳಿ! ಓಟಿ ಅಂತ ಹೆಚ್ಚು ಹೊತ್ತು ದುಡಿದಾಗಲೆಲ್ಲ ನೂರು, ಇನ್ನೂರು ಸುತ್ತಿಟ್ಟಿದ್ದಳು. ಎಣಿಸಿದರೆ ಆರು ಸಾವಿರದ ಮುನ್ನೂರು. ರೇವಣಸಿದ್ದನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

“ನಿಮಗೆ ಉಳಿಸೋದು ಗೊತ್ತೇ ಇದೆಯಲ್ಲ ಅಕ್ಕ!” ಯಮುನಾ ಚಪ್ಪಾಳೆ ತಟ್ಟಿದಳು. “ಜಾಗ ಮಾತ್ರ ಸರಿಯಿಲ್ಲ. ಕೆಟ್ಟ ಫ್ರಿಜ್ಜು ಬಡ್ಡಿ ಕೊಡಲ್ಲ.”

ನಾನು ಆ ರಾಜೀನಾಮೆ ಪತ್ರವನ್ನು ಮಗುಚಿ ಹಾಕಿದೆ. ಹಿಂದುಗಡೆ ಖಾಲಿ ಇತ್ತು. “ಬರಿ ಯಮುನಾ. ಅಸಿರು ಸೀರೆ ಒಂದು. ಅಸಿರು ಬಳೆ ಎರಡು ಡಜನ್. ಹೂವು ನಂದು. ಅವರೆಬೇಳೆ ಮಸಾಲೆ ನಂದು. ಓಳಿಗೆ ನಾವೆಲ್ಲ ಸೇರಿ ತಟ್ಟಾನ. ರೊಟ್ಟಿ, ಮಾದ್ಲಿ, ಸೇಂಗಾ ಚಟ್ನಿ ಮಹಾನಂದಂದು. ಹಾಲ್ ಬಾಡಿಗೆನೂ ಇಲ್ಲ, ಉಂಗ್ರಾನೂ ಇಲ್ಲ!”

“ಶೇಖವ್ವ ಬಿಡಂಗಿಲ್ರಿ ಅಮ್ಮಾರ...”

“ನಾನೂ ಬರ್ತೀನಿ ಬುಡು. ನನ್ನ ನಾಲಿಗೆ ಏನು ಬಾಡಿಗೆಗೆ ಕೊಟ್ಟಿದ್ದೀನಾ?”

ಕುಬಸದ ದಿನ ನಮ್ಮ ವಠಾರದ ಹನ್ನೊಂದು ಹೆಂಗಸರು ಬುಟ್ಟಿ ಹೊತ್ತು ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದೆವು. ತಪಾಸಣೆಯ ಯಂತ್ರದೊಳಗೆ ಬಯಕೆ ಬುತ್ತಿ ಮೆಲ್ಲಗೆ ತೇಲಿಕೊಂಡು ಹೋಯಿತು. ಸೆಕ್ಯೂರಿಟಿ ಹುಡುಗಿ ಪರದೆ ನೋಡಿ ಹುಬ್ಬೇರಿಸಿದಳು. “ಇದೇನಮ್ಮ, ಅರ್ಧಚಂದ್ರದ ಥರ ಇಷ್ಟೊಂದು?”

“ಕರ್ಚಿಕಾಯಿ ಕಣವ್ವ, ಬಸುರಿಗೆ!” ಎಂದೆ.

“ಘಮ ಘಮ ಅಂತಿದೆ, ಬೇಗ ಹೋಗಿ. ಇಲ್ಲಾಂದ್ರೆ ನಾನೇ ಇಟ್ಕೊಂಡ್ಬಿಡ್ತೀನಿ” ಎಂದು ನಕ್ಕಳು. ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ ಕಾಡುಗೋಡಿ ಮುಟ್ಟುವವರೆಗೂ ದಾರಿಯುದ್ದಕ್ಕೂ ಸೋಬಾನ ಹಾಡಿದೆವು. ಕಂಪ್ಯೂಟರ್ ಬ್ಯಾಗಿನವರೆಲ್ಲ ಕಿವಿಯಿಂದ ವೈರು ತೆಗೆದು ಕೇಳಿಸಿಕೊಂಡರು.

ಕಾಡುಗೋಡಿಯ ಆ ಸಣ್ಣ ರೂಮಿನ ಮುಂದೆ ಶೇಖವ್ವ ನಿಂತಿದ್ದಳು. ನಮ್ಮ ಸಾಲು ನೋಡಿದಳು. ಬುತ್ತಿಯ ಬಟ್ಟೆ ಸರಿಸಿ ಒಂದೊಂದೇ ಪದಾರ್ಥ ನೋಡಿದಳು. ಮಹಾನಂದಾ ನನ್ನ ಕೈ ಹಿಡಿದುಕೊಂಡಳು. ನಾನು ಬಾಯಿ ಬಿಡಲು ಸಿದ್ಧಳಾಗಿಯೇ ನಿಂತಿದ್ದೆ.

ಶೇಖವ್ವ ತಲೆ ಎತ್ತಿದಳು. ಮುದುಕಿಯ ಕಣ್ಣಲ್ಲಿ ನೀರಾಡುತ್ತಿತ್ತು. “ನನ್ನ ಕುಬಸಕ್ಕ ತವರಿಂದ ಒಂದು ಕಾಗಿನೂ ಬಂದಿರ್ಲಿಲ್ಲವ್ವ. ನನ್ನ ಸೊಸಿಗಿ ಹನ್ನೊಂದು ಮಂದಿ ಬಂದೀರಿ” ಎಂದಳು. ಆಮೇಲೆ ಸವಿತಾಳ ಕಡೆ ತಿರುಗಿ, “ಏ ಸವಿತಾ, ನಿನ್ನ ತವರು ದೊಡ್ಡದೈತಿ ಬಿಡು!” ಎಂದು ಕೂಗಿ ಹೇಳಿದಳು.

ಮಹಾನಂದಾ ಅತ್ತಳು, ಸವಿತಾ ಅತ್ತಳು, ನಾನೂ ಅತ್ತೆ. ಸವಿತಾಳ ಗಂಡ ಬಸಲಿಂಗ ಮಾತ್ರ ಮೂಲೆಯಲ್ಲಿ ಕೂತು ಏಳನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಉಂಗುರದ ನೆನಪು ಅವನಿಗೆ ಇದ್ದಂತೆ ಕಾಣಲಿಲ್ಲ.

ಕುಬಸಕ್ಕೆ ಖರ್ಚಾದದ್ದು ಐದು ಸಾವಿರದ ಚಿಲ್ಲರೆ. ಉಳಿದ ದುಡ್ಡನ್ನು ಹಿಡಿದುಕೊಂಡು ಮಾರನೇ ವಾರ ಮಹಾನಂದಾ ಯಮುನಾಳ ಜೊತೆ ಬ್ಯಾಂಕಿಗೆ ಹೋದಳು. ತಿಂಗಳು ತಿಂಗಳು ಕಟ್ಟುವ ಒಂದು ವರ್ಷದ ಆರ್‌ಡಿ ಮಾಡಿಸಿದಳು. ಸಂಬಳ ಬಂದ ದಿನವೇ ಐನೂರು ರೂಪಾಯಿ ತಾನಾಗಿ ಅದಕ್ಕೆ ಹೋಗುತ್ತದೆ. “ಖರ್ಚು ಮಾಡಿ ಉಳದದ್ದು ಇಡ್ತೀನಿ ಅಂದ್ರ ಏನೂ ಉಳಿಯಂಗಿಲ್ಲ. ಮೊದಲು ಇಟ್ಟು, ಉಳದದ್ರಾಗ ಖರ್ಚು ಮಾಡ್ಬೇಕು” ಎಂದು ಈಗ ಅವಳೇ ಇಡೀ ವಠಾರಕ್ಕೆ ಪಾಠ ಹೇಳುತ್ತಾಳೆ. ನನಗೂ ಹೇಳಿದಳು. ನಾನು ಕೋಳಿಗೆ ಬುಟ್ಟಿ ಹೊಂದಿಸಿ, ಕಾರನ್ನು ಗುಜರಿಗೆ ಕೊಟ್ಟು, ಆ ದುಡ್ಡನ್ನು ಬ್ಯಾಂಕಿಗೆ ಹಾಕಿದೆ. ಕೋಳಿ ಎರಡು ದಿನ ನನ್ನ ಜೊತೆ ಮುನಿಸಿಕೊಂಡಿತ್ತು.

ಸೆಪ್ಟೆಂಬರಿನಲ್ಲಿ ಮಹಾನಂದಾಗೆ ಐದು ವರ್ಷ ತುಂಬಿತು. ವಠಾರಕ್ಕೆಲ್ಲ ಮೈಸೂರು ಪಾಕು ಹಂಚಿದಳು. ಮೊನ್ನೆ ಮಾರ್ಚಿನಲ್ಲಿ ಸವಿತಾಳ ಮಗಳ ಜವಳ ತೆಗೆಸಿದರು. ಆರ್‌ಡಿ ದುಡ್ಡಲ್ಲಿ ದೊಡ್ಡಮ್ಮ ಬೆಳ್ಳಿಯ ಕಾಲ್ಗಡಗ ಮಾಡಿಸಿ ತಂದಿದ್ದಳು. ಬೋಳು ತಲೆಯ ಆ ಪುಟಾಣಿ ಕಾಲು ಬಡಿದು ಬಡಿದು ನಕ್ಕಿತು.

“ಈ ಸಲ ಯಾವ ಕಂಪನಿ ಬಿಟ್ಟು ಬಂದಿ?” ಎಂದು, ರಾಜೀನಾಮೆಯ ಕಥೆಯನ್ನು ಸವಿತಾಳಿಂದ ಕೇಳಿದ್ದ ಶೇಖವ್ವ ಚುಡಾಯಿಸಿದಳು.

“ಯಾವುದೂ ಬಿಟ್ಟಿಲ್ರಿ ಅತ್ತಿ, ಮುಂದಿನ ಆರ್‌ಡಿನೂ ಶುರು ಮಾಡಿ ಬಂದೀನಿ” ಎಂದಳು ಮಹಾನಂದಾ, ತಲೆ ಎತ್ತಿ.

ಅಕ್ಕಂದಿರೇ, ಅಣ್ಣಂದಿರೇ, ಇಷ್ಟು ಹೊತ್ತು ಕೇಳಿದಿರಿ, ಈಗ ನನ್ನದೊಂದು ಮಾತು ನಡೆಸಿಕೊಡಿ. ನಿಮ್ಮ ಯುಎಎನ್ ನಂಬರು ಇವತ್ತೇ ಒಂದು ಕಡೆ ಬರೆದಿಟ್ಟುಕೊಳ್ಳಿ. ಸಂಬಳ ಬಂದ ದಿನ, ಅಂಗಡಿಗೆ ಹೋಗುವ ಮೊದಲು, ನೂರಾದರೂ ಸರಿ, ಇನ್ನೂರಾದರೂ ಸರಿ, ಬ್ಯಾಂಕಿಗೋ ಅಂಚೆ ಕಚೇರಿಗೋ ಸಂಘಕ್ಕೋ ಹಾಕಿ. ರಾಜೀನಾಮೆ ಪತ್ರ ಬರೆದಿದ್ದರೆ, ರುಜು ಹಾಕುವ ಮುಂಚೆ ತಿಳಿದವರೊಬ್ಬರನ್ನು ಕೇಳಿ. ಆಮೇಲೆ ಮನೆಯಲ್ಲಿ ಒಮ್ಮೆ ಸುತ್ತ ಕಣ್ಣಾಡಿಸಿ. ಹಿಟ್ಟು ತುಂಬಿದ ಫ್ರಿಜ್ಜೋ ಕೋಳಿ ಮಲಗುವ ಕಾರೋ ಕಂಡರೆ ನಾಚಿಕೊಳ್ಳಬೇಡಿ, ಒಂದು ಸಲ ಜೋರಾಗಿ ನಕ್ಕುಬಿಡಿ. ನಾವೂ ಹಾಗೇ ನಕ್ಕು ಶುರು ಮಾಡಿದವರು.