ಗಾಳಿ ಅಳೆಯೋ ತಂತಿ

ಮೊಳಕಾಲ್ಮುರು ಬಿಟ್ಟು ಕಾರೊಂದು ಹೊರಟರೆ ಸಾಕು, ಇಲ್ಲಿ ಚಳ್ಳಕೆರೆಯ ಶೆಡ್ಡಿನಲ್ಲಿ ಕೂತ ನನಗೆ ಅದರ ಸದ್ದು ಕೇಳುತ್ತದೆ. ಯಾವ ಬೋಲ್ಟು ಸಡಿಲ, ಡ್ರೈವರು ಬೆಳಗ್ಗೆ ತಿಂದದ್ದು ಮಂಡಕ್ಕಿಯೋ ಚಿತ್ರಾನ್ನವೋ, ಎಲ್ಲ ಹೇಳಿಬಿಡುತ್ತೇನೆ.

2004ರ ಬೇಸಿಗೆಯಲ್ಲಿ ರೇಷ್ಮೆ ಸೀರೆ ವ್ಯಾಪಾರದ ವನಜಾಕ್ಷಮ್ಮ ತಮ್ಮ ಹೊಸ ಡೀಸೆಲ್ ಕಾರು ತಂದರು. ಡ್ರೈವರ್ ಮಾರುತೇಶನ ಮುಖ ಸಪ್ಪಗಿತ್ತು.

"ಚಿತ್ತಪ್ಪಾರೆ," ಅಂದರು ಅಮ್ಮ, "ಗಾಡಿ ಏರು ಹತ್ತಲ್ಲ ಅಂತೈತೆ. ಇವ್ನು ಡೀಸೆಲ್ ಮಾರ್ಕೊಂಡು ಸೀಮೆಣ್ಣೆ ಬೆರೆಸ್ತಾನೆ ಅಂತ ಅನುಮಾನ. ನೀವು ಹೌದು ಅಂದ್ರೆ ಇವತ್ತೇ ಕೆಲ್ಸ ಬಿಡಿಸ್ತೀನಿ."

"ಹೊಗೆ ಮೂಸಿದ್ರೇ ಗೊತ್ತಾಗ್ತೈತೆ ಅಮ್ಮಾರೆ. ಅರ್ಧಕ್ಕರ್ಧ ಸೀಮೆಣ್ಣೆ," ಅಂದೆ.

"ಟ್ಯಾಂಕಿಂದ ಒಂದು ಬಾಟ್ಲಿ ಇಳಿಸಿ ನೋಡಣ್ಣ," ಅಂದ ಮಾರುತೇಶ.

ಇಳಿಸಿದೆ. ಶುದ್ಧ ಡೀಸೆಲ್. ಅಮ್ಮನವರ ಅನುಮಾನ ಅಷ್ಟಕ್ಕೆ ಹೋಗಲಿಲ್ಲ. "ಶೆಡ್ಡಿಗೆ ಬರೋದು ಗೊತ್ತಿತ್ತಲ್ಲ, ಬೆಳಗ್ಗೇನೇ ಬದ್ಲಾಯ್ಸಿರ್ತಾನೆ." ನಾನೂ ತಲೆಯಾಡಿಸಿದೆ.

ಆದರೂ ನನ್ನ ವಿದ್ಯೆ ತೋರಿಸದೆ ಬಿಡುವುದುಂಟೇ? ಬಾನೆಟ್ ಎತ್ತಿ, ಗಾಳಿ ಸೋಸೋ ಫಿಲ್ಟರ್ ಡಬ್ಬದ ಪಕ್ಕದ, ಗಾಳಿ ಅಳೆಯೋ ಮೀಟರಿಗೆ ಕೈ ಮಾಡಿದೆ.

"ಇದರೊಳಗೆ ಕೂದಲಿನಂಥ ತಂತಿ ಐತೆ. ಕರೆಂಟು ಅದನ್ನ ಸದಾ ಬಿಸಿ ಇಟ್ಟಿರ್ತೈತೆ. ಇಂಜಿನ್ ಗಾಳಿ ಎಳ್ಕೊಂಡಂಗೆ ತಂತಿ ತಣ್ಣಗಾಗ್ತೈತೆ. ಮತ್ತೆ ಬಿಸಿ ಮಾಡಕ್ಕೆ ಎಷ್ಟು ಕರೆಂಟು ಬೇಕಾಯ್ತೋ ನೋಡ್ಕೊಂಡು, ಇಷ್ಟು ಗಾಳಿ ಬಂತು ಅಂತ ಕಂಪ್ಯೂಟರು ಅದಕ್ಕೆ ತಕ್ಕಂಗೆ ಡೀಸೆಲ್ ಬಿಡ್ತೈತೆ. ಜರ್ಮನಿಯವರು ಇದನ್ನ ಮಾಡೋ ಮುಂಚೆ ನನ್ನ ಒಂದು ಮಾತು ಕೇಳಿ..."

"ಅದ್ ಬಿಡ್ರಿ," ಅಂದರು ಅಮ್ಮ.

ಮೀಟರಿನ ವೈರು ಕಿತ್ತು ಕಾರು ಓಡಿಸಿದೆ. ಕಂಪ್ಯೂಟರು ಮೀಟರಿನ ಮಾತು ಬಿಟ್ಟು ತನ್ನ ಅಂದಾಜಿಗೇ ಡೀಸೆಲ್ ಬಿಟ್ಟಿತು, ಕಾರು ಕುದುರೆಯಾಯಿತು. ಹಾಗಾದರೆ ತಪ್ಪು ಡೀಸೆಲಿನದಲ್ಲ, ಮೀಟರಿನದು. ಬಿಚ್ಚಿದರೆ ತಂತಿಯ ಮೇಲೆ ಜಿಡ್ಡು, ಜಿಡ್ಡಿನ ಮೇಲೆ ಧೂಳು. ಕಂಬಳಿ ಹೊದ್ದವನಿಗೆ ಗಾಳಿ ಸೋಕದ ಹಾಗೆ ಅದಕ್ಕೂ ಸೋಕುತ್ತಿರಲಿಲ್ಲ. ಗಾಳಿ ಕಡಿಮೆ ಅಂತ ಸುಳ್ಳು ಹೇಳಿ ಡೀಸೆಲನ್ನೂ ಕಡಿಮೆ ಮಾಡಿಸಿತ್ತು.

"ಲೇ, ಉಳ್ಳಾರ್ತಿ ಕಾವಲಿನ ಮಣ್ಣುದಾರಿ ಧೂಳಲ್ಲಿ ಓಡ್ಸಿದೀಯ," ಅಂತ ಮಾರುತೇಶನ ಮೇಲೇ ಹೊರಿಸಿದೆ.

"ಧೂಳು ಸರಿ ಅಣ್ಣ, ಜಿಡ್ಡು ಎಲ್ಲಿಂದ ಬಂತು?" ಅಂತ ಅವನು ಫಿಲ್ಟರ್ ಡಬ್ಬ ತೆಗೆದ. ಕಾಗದದ ಫಿಲ್ಟರು ತೊಯ್ದು ತೊಪ್ಪೆಯಾಗಿತ್ತು.

ಅಮ್ಮನವರು ಬೆರಳಲ್ಲಿ ಉಜ್ಜಿ ಮೂಸಿದರು. "ಕಡ್ಲೆಕಾಯಿ ಎಣ್ಣೆ. ಇದನ್ನ ಯಾರು ಬಿಚ್ಚಿದ್ರು?"

"ಹೋದ ತಿಂಗ್ಳು ಸರ್ವೀಸಿಗೆ ಬಿಟ್ಟಾಗ ಇವ್ರೇ."

ಇಬ್ಬರೂ ನನ್ನನ್ನೇ ನೋಡಿದರು. ಚಳ್ಳಕೆರೆ ತುಂಬ ಕಡ್ಲೆಕಾಯಿ ಎಣ್ಣೆ ಮಿಲ್ಲುಗಳೇ, ಅವರ ಮೇಲೆ ಹಾಕೋಣ ಅಂತ ಬಾಯಿ ತೆರೆದೆ. ಮಾರುತೇಶ ಕೈಕಟ್ಟಿ ನಿಂತಿದ್ದ. ಇನ್ನೊಂದು ಸುಳ್ಳು ಹೇಳಿದರೆ ಅನುಮಾನ ಅವನ ಮೇಲೇ ಉಳಿದು ಕೆಲಸ ಹೋಗುತ್ತಿತ್ತು.

"ನಾನೇ ಹಾಕಿದ್ದು," ಅಂದೆ. "ಹಳೇ ಜೀಪಲ್ಲಿ ಫಿಲ್ಟರ್ ಕೆಳಗೆ ಎಣ್ಣೆ ಬಟ್ಟಲು ಇರ್ತಿತ್ತು, ಧೂಳು ಅದರಲ್ಲಿ ಕೂರ್ತಿತ್ತು. ಇದಕ್ಕೂ ಹಂಗೇ ಅಂದ್ಕೊಂಡೆ. ಇಂಜಿನ್ ಆಯಿಲ್ ಖಾಲಿಯಾಗಿತ್ತು, ಅಡುಗೆಗೆ ತಂದಿದ್ದನ್ನ ಸುರಿದೆ. ಈ ತಂತಿ ವಿಷ್ಯ ದುರ್ಗದ ಮೆಕ್ಯಾನಿಕ್ ಒಬ್ರು ಹೋದ ವಾರ ಹೇಳ್ಕೊಟ್ಟಿದ್ದು, ಅಲ್ಲೀಗಂಟ ನನ್ಗೂ ಗೊತ್ತಿರ್ಲಿಲ್ಲ. ಇವ್ನು ಏನೂ ಮಾಡಿಲ್ಲ ಅಮ್ಮಾರೆ."