ಚೈತ್ರಾಂಗಣದ ಗೆರೆಗಳು

ಅಫಜಲಪುರದಲ್ಲಿ ಮಿಲಿಂದನಷ್ಟು ಉಪದೇಶ ಮಾಡುವವನು ಇನ್ನೊಬ್ಬನಿರಲಿಲ್ಲ. ವೆಬ್‌ಸೈಟುಗಳಿಗೆ ಚಲಿಸುವ ಚಿತ್ರ ಮಾಡಿಕೊಡುವುದು ಅವನ ಕಸುಬು. ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. "ಯಾವ ಕಂಪನಿ ಮುಚ್ಚಿದ್ರೂ ನಮ್ಮ ಫೈಲು ತೆರೀತದ್ರಿ. ಯಾರ ಬೀಗಾನೂ ಇಲ್ಲ," ಎಂದು ಚಹಾದಂಗಡಿಯವನಿಗೂ ಹೇಳುತ್ತಿದ್ದ. ಮಾತೇನೋ ಸುಳ್ಳಲ್ಲ.

ಅವನ ಅಜ್ಜಿ ಭಾಗೀರಥಿಬಾಯಿ, ಮನೆಯವರಿಗೆಲ್ಲ ಆಯಿ, ಚೈತ್ರಗೌರಿಯನ್ನು ಕೂಡಿಸುವ ತಿಂಗಳು ಅಂಗಳದಲ್ಲಿ ಚೈತ್ರಾಂಗಣದ ರಂಗೋಲಿ ಹಾಕುವಾಕೆ. ದೀಪ, ಶಂಖ, ಆಕಳ ಪಾದ, ಸೂರ್ಯ-ಚಂದ್ರ, ನಡುವೆ ಉಯ್ಯಾಲೆಯಲ್ಲಿ ಗೌರಿ. ಅದು ಪರದೆಯ ಮೇಲೆ ಗೆರೆಗೆರೆಯಾಗಿ ತಾನೇ ಮೂಡಬೇಕೆಂದು ಮಿಲಿಂದನ ಆಸೆ. ಟ್ಯಾಬ್ಲೆಟ್ ಕೊಟ್ಟು ಆಯಿಯ ಕೈಯಿಂದಲೇ ಬರೆಸಿದ.

"ಗೌರಿ ಕಡೀಕ ಬರ್ತಾಳಲೇ. ಮೊದಲ ಆಕಿ ಮನಿ ಸಿದ್ಧ ಆಗಬೇಕು. ಯಾವುದರ ಹಿಂದ ಯಾವುದು, ಲಕ್ಷ್ಯ ಕೊಟ್ಟು ಕೇಳು," ಎಂದಳು ಆಯಿ.

"ಇರ್ಲಿ ಬಿಡಾಯಿ, ಎಲ್ಲಾ ಫೈಲಿನಾಗ ಉಳೀತದ."

ಉಳಿದಿತ್ತು. ಆಕೆ ಎಳೆದ ಕ್ರಮದಲ್ಲೇ ಒಂದೊಂದು ಗೆರೆಯೂ ಬೇರೆಬೇರೆಯಾಗಿ ಕೂತಿತ್ತು. ಆದರೆ ಮೊಬೈಲಿನಲ್ಲಿ ಪುಟ ತೆರೆಯಲು ತಡವಾಗುತ್ತಿತ್ತು. ಜಾಣನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಫೈಲು ಹಗುರಾಗಲೆಂದು ಗೆರೆಗಳನ್ನೆಲ್ಲ ಒಂದರಲ್ಲಿ ಕೂಡಿಸಿ, ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ. ಚಿತ್ರ ಎಳ್ಳಷ್ಟೂ ಕೆಡಲಿಲ್ಲ, ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬ ಕ್ರಮ ಮಾತ್ರ ಹೋಯಿತು. ನಾಳೆ ಆಯಿಯನ್ನು ಕೇಳಿ ಸರಿಮಾಡಿದರಾಯಿತು ಎಂದುಕೊಂಡ.

ಆ ನಾಳೆ ಬರುವ ಮೊದಲೇ ಆಯಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಫೈಲು ಇವತ್ತಿಗೂ ತೆರೆಯುತ್ತದೆ. ಬೀಗ ಯಾರೂ ಹಾಕಿಲ್ಲ.

ಈ ಚೈತ್ರದಲ್ಲಿ ಅವನ ಹೆಂಡತಿ ಮನೀಷಾ ರಂಗೋಲಿ ಬಟ್ಟಲು ಹಿಡಿದು ಅಂಗಳದಲ್ಲಿ ನಿಂತಳು. "ಎಲ್ಲಿಂದ ಶುರು ಮಾಡ್ಲಿರಿ? ಆಯಿ ನಿಮಗ ಹೇಳಿದ್ರಲ್ಲ?"

ಮಿಲಿಂದ ಟ್ಯಾಬ್ಲೆಟ್ ತಂದು ಆಯಿಯ ತೊಡೆಯ ಮೇಲಿಟ್ಟ. "ಯಾವುದು ಮೊದಲ, ಆಯಿ? ಬಟ್ಟು ಮಾಡಿ ತೋರಸು."

ಪರದೆಯ ಮೇಲೆ ಗೆರೆಗಳೆಲ್ಲ ಒಮ್ಮೆಲೇ ಎದ್ದವು. ಗೌರಿಯೂ ಅವುಗಳ ಜೊತೆಗೇ ಮೂಡತೊಡಗಿದಳು. ಆಯಿ ಗಾಬರಿಯಾಗಿ ಎಡ ಅಂಗೈಯಿಂದ ಗೌರಿಯನ್ನು ಮುಚ್ಚಿದಳು.

"ಹೌದಾಯಿ, ಆಕಿ ಕಡೀಕ. ಆಕಿಗಿಂತ ಮೊದಲ?"

ಆಯಿ ದೀಪವನ್ನು ನೋಡಿದಳು, ಶಂಖವನ್ನು ನೋಡಿದಳು. ಯಾವುದನ್ನೂ ತೋರಿಸಲಿಲ್ಲ. ಆಕೆಗೂ ಮರೆತುಹೋಗಿತ್ತು. ಕಣ್ಣು ತುಂಬಿ ಬಂದವು.

ಮನೀಷಾ ಬಟ್ಟಲು ಕೆಳಗಿಟ್ಟಳು. ಚಿತ್ರ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಆಯಿ ಅಂಗೈ ತೆಗೆಯಲಿಲ್ಲ.